ಕನ್ನಡದಲ್ಲಿ ನಡೆಯುವ ಎಎ ಮೀಟಿಂಗ್ ಬೇಕಿತ್ತು, ರಾಜಾಜಿನಗರ ಅಥವಾ ಪೀಣ್ಯ ಕಡೆ

ತಮ್ಮನ_ಅಕ್ಕ, ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಎಎ ಮೀಟಿಂಗ್ ಬೇಕು. ಆಲ್ಕೋಹಾಲಿಕ್ಸ್ ಅನಾನಿಮಸ್ ಅನ್ನುತ್ತಾರಲ್ಲ, ಅದು. ಕನ್ನಡದಲ್ಲೇ ನಡೆಯುವುದು ಬೇಕು. ರಾಜಾಜಿನಗರ, ಯಶವಂತಪುರ, ಪೀಣ್ಯ ಕಡೆ ಇದ್ದರೆ ಒಳ್ಳೆಯದು. ಮೆಟ್ರೊ ಇದೆ, ಮೆಜೆಸ್ಟಿಕ್ ದಾಟಿ ಹೋಗಬೇಕಾದರೂ ಪರವಾಗಿಲ್ಲ.

ಅವನಿಗೆ ನಲವತ್ತರ ಹತ್ತಿರ. ಪೀಣ್ಯದಲ್ಲಿ ಮೆಷಿನ್ ಶಾಪ್ ಕೆಲಸ, ಪಾಳಿ ವಾರ ವಾರ ಬದಲಾಗುತ್ತದೆ. ಮೊದಲು ಸಂಬಳದ ದಿನ, ಹಬ್ಬದ ದಿನ ಅಂತ ಕುಡಿಯುತ್ತಿದ್ದ. ಈಗ ದಿನಾ. ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ, ಒಂದು ನೈಂಟಿ ಒಳಗೆ ಹೋದ ಮೇಲೆಯೇ ಅವನಿಗೆ ಶೇವ್ ಮಾಡಿಕೊಳ್ಳಲು ಆಗುವುದು. ಕಳೆದ ವಾರ ಅವನೇ ಬಂದು, "ಅಕ್ಕಾ, ಕುಡಿಯೋರೆಲ್ಲ ಸೇರಿ ಕುಡಿತ ಬಿಡೋ ಮೀಟಿಂಗ್ ಇರುತ್ತಂತೆ, ಎಲ್ಲಿ ಅಂತ ಸ್ವಲ್ಪ ನೋಡು" ಅಂದ. ನಾವ್ಯಾರೂ ಹೇಳಿಕೊಟ್ಟದ್ದಲ್ಲ. ಅವನ ಮನಸ್ಸು ಬದಲಾಗುವ ಮೊದಲೇ ಕರೆದುಕೊಂಡು ಹೋಗಬೇಕು ಅಂತ ನನಗೆ ಆತುರ.

ಕೇಳಬೇಕಾದದ್ದು ಇಷ್ಟು. ದುಡ್ಡು ಎಷ್ಟಾಗುತ್ತದೆ? ಹೆಸರು, ಆಧಾರ್ ಬರೆದುಕೊಳ್ಳುತ್ತಾರಾ? ಫ್ಯಾಕ್ಟರಿಗೆ ಗೊತ್ತಾಗುತ್ತದಾ? ಜಾಸ್ತಿ ಕಡೆ ಚರ್ಚ್ ಕಾಂಪೌಂಡಿನಲ್ಲೇ ನಡೆಯುತ್ತದಂತೆ, ನಮ್ಮಮ್ಮನಿಗೆ ಅದೊಂದು ಹೆದರಿಕೆ. ಮತ್ತೆ, ನಾನು ಜೊತೆಗೆ ಒಳಗೆ ಕೂರಬಹುದಾ? ಒಬ್ಬನೇ ಹೋಗು ಅಂದರೆ ಬಾಗಿಲ ತನಕ ಹೋಗಿ ವಾಪಸ್ ಬರುತ್ತಾನೆ, ನನಗೆ ಗೊತ್ತು.

ಇವತ್ತೊಂದು_ದಿನ, ಬಸವನಗುಡಿ

ಅಕ್ಕಾ, ನಾನು ಎಎ ಸದಸ್ಯ. ಗೊತ್ತಿರುವಷ್ಟು ಹೇಳುತ್ತೇನೆ.

ದುಡ್ಡು ಇಲ್ಲ. ಫೀಸ್ ಇಲ್ಲ, ರಿಜಿಸ್ಟರ್ ಇಲ್ಲ, ಆಧಾರ್ ಯಾರೂ ಕೇಳುವುದಿಲ್ಲ. ಕೊನೆಯಲ್ಲಿ ಒಂದು ಡಬ್ಬಿ ಸುತ್ತು ಬರುತ್ತದೆ, ಸದಸ್ಯರು ಕೈಲಾದಷ್ಟು ಹಾಕುತ್ತಾರೆ. ಹಾಲ್ ಬಾಡಿಗೆ, ಟೀ, ಪುಸ್ತಕ ಎಲ್ಲ ಅದರಲ್ಲೇ. ಹೊರಗಿನವರು ದೇಣಿಗೆ ಕೊಡುತ್ತೇವೆ ಅಂದರೂ ಎಎ ತೆಗೆದುಕೊಳ್ಳುವುದಿಲ್ಲ, ಅದು ನಮ್ಮ ನಿಯಮ. ಹೊಸಬರು ಹಾಕಲೇಬೇಕು ಅಂತ ಇಲ್ಲ. ಸೇರುವುದಕ್ಕೆ ಬೇಕಾದದ್ದು ಒಂದೇ, ಕುಡಿತ ಬಿಡಬೇಕು ಅನ್ನುವ ಆಸೆ. ನಿಮ್ಮ ತಮ್ಮ ಬಾಯಿಬಿಟ್ಟು ಅದನ್ನೇ ಹೇಳಿದ್ದಾರೆ.

ಜಾಗ ಹುಡುಕುವುದಕ್ಕೆ ಎಎ ಇಂಡಿಯಾ ವೆಬ್‌ಸೈಟ್‌ನಲ್ಲಿ ಊರಿನ ಪ್ರಕಾರ ಮೀಟಿಂಗ್ ಪಟ್ಟಿ ಇದೆ, ಸಂಪರ್ಕ ಸಂಖ್ಯೆಯೂ ಇದೆ. ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳು ಹೀಗೆ ಬೇರೆ ಬೇರೆ ಭಾಷೆಯ ಗ್ರೂಪ್‌ಗಳಿವೆ. ಆದರೆ ಪಟ್ಟಿ ನೋಡಿ ಸೀದಾ ಹೊರಟುಬಿಡಬೇಡಿ. ಶಾಲೆಗೆ ಪರೀಕ್ಷೆ ಬಂದರೆ ಕೊಠಡಿ ಬದಲಾಗುತ್ತದೆ, ಸಮಯ ಅರ್ಧ ಗಂಟೆ ಹಿಂದೆ ಮುಂದೆ ಆಗಿರುತ್ತದೆ. ಮೊದಲು ಫೋನ್ ಮಾಡಿ, ಕನ್ನಡದ್ದೇ ಅಲ್ವಾ ಅಂತ ಕೇಳಿ. ಓಪನ್ ಮೀಟಿಂಗ್ ಯಾವತ್ತು ಅಂತಲೂ ಕೇಳಿ. ಓಪನ್ ಆದರೆ ಮನೆಯವರೂ ಕೂರಬಹುದು. ಕ್ಲೋಸ್ಡ್ ಆದರೆ ಕುಡಿತದ ತೊಂದರೆ ಇರುವವರು ಮಾತ್ರ. ಗೂಗಲ್ ಮ್ಯಾಪ್ ಮೇನ್ ಗೇಟಿನ ಹತ್ತಿರ ತಂದು ಬಿಡುತ್ತದೆ, ಮೀಟಿಂಗ್ ನಡೆಯುವ ಕೊಠಡಿ ಎಷ್ಟೋ ಸಲ ಹಿಂದೆ ಇರುತ್ತದೆ. ಹಾಗಾಗಿ "ಗೇಟಿನ ಹತ್ತಿರ ಯಾರಾದರೂ ನಿಂತಿರುತ್ತೀರಾ" ಅಂತ ಕೇಳಿಬಿಡಿ. ಸಂಕೋಚ ಬೇಡ. ಹೊಸಬರನ್ನು ಕರೆದುಕೊಂಡು ಹೋಗಲು ಗೇಟಿಗೆ ಬರುವುದು ನಮಗೆ ಅಭ್ಯಾಸ.

ಅಮ್ಮನಿಗೆ ಹೇಳಿ, ಚರ್ಚ್‌ನವರು ಜಾಗ ಕೊಡುತ್ತಾರೆ ಅಷ್ಟೇ. ನಾವು ಬಾಡಿಗೆ ಕಟ್ಟುತ್ತೇವೆ. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ನಮ್ಮ ಗುಂಪಿನಲ್ಲಿ ಹಣೆಗೆ ವಿಭೂತಿ ಇಟ್ಟುಕೊಂಡು ಬರುವವರಿದ್ದಾರೆ, ನಮಾಜ್ ಮುಗಿಸಿ ಬರುವವರಿದ್ದಾರೆ.

ವಾರ್ಡ್_ಸಿಸ್ಟರ್, ವಿಜಯನಗರ

ಮೀಟಿಂಗ್ ವಿಷಯಕ್ಕೆ ಮೊದಲು ನಾನು ಒಂದು ಮಾತು ಹೇಳಲೇಬೇಕು. ಬಹಳ ವರ್ಷ ಆಸ್ಪತ್ರೆ ವಾರ್ಡ್‌ನಲ್ಲಿ ಕೆಲಸ ಮಾಡಿದ್ದೇನೆ.

ಬೆಳಿಗ್ಗೆ ಕೈ ನಡುಗುವುದು, ಒಂದು ನೈಂಟಿ ಬಿದ್ದ ಮೇಲೆ ನಿಲ್ಲುವುದು, ಇದರ ಅರ್ಥ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಅಂತ. ಇಂಥವರು ಇದ್ದಕ್ಕಿದ್ದಂತೆ ಪೂರ್ತಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಕೊನೆಯ ಸಲ ಕುಡಿದು 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ, ಎದೆ ಬಡಿತ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದಲ್ಲಿ ಕೆಲವರಿಗೆ ಗೊಂದಲ ಹಿಡಿಯುತ್ತದೆ. ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಇಲ್ಲದವರ ಜೊತೆ ಮಾತಾಡುತ್ತಾರೆ, ಎಲ್ಲಿದ್ದೇನೆ ಅಂತ ಗೊತ್ತಾಗುವುದಿಲ್ಲ. ಮನೆಯವರು ಇದನ್ನು ನೋಡಿ ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಲು ಹೋಗುತ್ತಾರೆ. ಅದು ಗಾಳಿಯಲ್ಲ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಬೇಕಾದ ತುರ್ತು ಅದು.

2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ಏಕಾಏಕಿ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ಕೇಸುಗಳು ಜಾಸ್ತಿ ಬಂದವು. ನಿಮ್ಹಾನ್ಸ್‌ನ ವೈದ್ಯರು ಅದನ್ನು ಬರೆದು ಪ್ರಕಟಿಸಿದ್ದಾರೆ.

ಹಾಗಾಗಿ "ನಾಳೆಯಿಂದ ಒಂದು ತೊಟ್ಟೂ ಮುಟ್ಟಬೇಡ" ಅಂತ ಅವನಿಗೆ ಆಣೆ ಹಾಕಿಸಬೇಡಿ. ಮೊದಲು ವೈದ್ಯರು. ಪೀಣ್ಯದ ಕೆಲಸ ಅಂದರೆ ಇಎಸ್‌ಐ ಕಾರ್ಡ್ ಇರಬಹುದು. ಇದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಿಮಗೆ ಹತ್ತಿರ, ಮನೋವೈದ್ಯರನ್ನು ಕೇಳಿ. ಇಲ್ಲದಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಬೇರೆ ಕೇಂದ್ರವಿದೆ. ಬೆಳಿಗ್ಗೆ ಬೇಗ ಹೋಗಿ, ಬಿಪಿಎಲ್ ಕಾರ್ಡ್ ಇದ್ದರೆ ತೆಗೆದುಕೊಂಡು ಹೋಗಿ, ಮನೆಯವರು ಒಬ್ಬರು ಜೊತೆಗಿರಿ. ನಡುಕ, ಫಿಟ್ಸ್ ತಡೆಯಲು ಕೆಲವು ದಿನ ಮಾತ್ರೆ ಕೊಟ್ಟು ನಿಧಾನಕ್ಕೆ ಕಡಿಮೆ ಮಾಡುತ್ತಾರೆ. ಬಿ1 ವಿಟಮಿನ್ ಕೊಡುತ್ತಾರೆ. ಸುಮ್ನೆ ಶಕ್ತಿಗೆ ಕೊಡುವ ವಿಟಮಿನ್ ಅಂದುಕೊಂಡು ಅದನ್ನು ಬಿಡಬೇಡಿ. ಅದು ಕಡಿಮೆಯಾದರೆ ಕಣ್ಣು, ನಡಿಗೆ, ನೆನಪು ಎಲ್ಲಕ್ಕೂ ಪೆಟ್ಟು ಬೀಳುತ್ತದೆ.

ಎಷ್ಟು ಕುಡಿಯುತ್ತಾನೆ ಅಂತ ವೈದ್ಯರು ಕೇಳಿದರೆ ನಿಜವಾದ ಲೆಕ್ಕ ಕೊಡಿ. ನಾಚಿಕೆಗೆ ಅರ್ಧ ಮಾಡಿ ಹೇಳುತ್ತಾರೆ, ಮಾತ್ರೆಯೂ ಅರ್ಧವಾಗುತ್ತದೆ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ ಬಾಟಲಿಯ ಮೇಲೆ 42.8% ಅಂತ ಇರುತ್ತದಲ್ಲ, ಆ ಲೆಕ್ಕದಲ್ಲಿ ಒಂದು ನೈಂಟಿಯಲ್ಲಿ, ಅಂದರೆ 90 ಎಂಎಲ್‌ನಲ್ಲಿ, ಸುಮಾರು 30 ಗ್ರಾಂ ಆಲ್ಕೋಹಾಲ್. ಒಂದು ಕ್ವಾರ್ಟರ್‌ಗೆ, ಅಂದರೆ 180 ಎಂಎಲ್‌ಗೆ, 60 ಗ್ರಾಂ. ದಿನಕ್ಕೆ ಎಷ್ಟು ನೈಂಟಿ ಅಂತ ಅಷ್ಟೇ ಹೇಳಿ ಸಾಕು, ಮಿಕ್ಕಿದ್ದು ಅವರು ಲೆಕ್ಕ ಹಾಕುತ್ತಾರೆ.

ತಮ್ಮನ_ಅಕ್ಕ

ಸಿಸ್ಟರ್, ನೀವು ಹೇಳಿದ್ದು ಒಳ್ಳೆಯದಾಯಿತು. ಅಮ್ಮ ಶನಿವಾರ ದೇವಸ್ಥಾನದಲ್ಲಿ ಆಣೆ ಮಾಡಿಸಬೇಕು ಅಂತ ಎಲ್ಲ ಸಿದ್ಧ ಮಾಡಿಕೊಂಡಿದ್ದರು. ನಿಲ್ಲಿಸಿದ್ದೇನೆ. ಇಎಸ್‌ಐ ಕಾರ್ಡ್ ಇದೆ. ಅವನು ರಜೆ ಕೇಳಿದ್ದಾನೆ, ನಾಳಿದ್ದು ಹೋಗುತ್ತೇವೆ. ಅಲ್ಲಿಯ ತನಕ ಏನು ಮಾಡಲಿ? ಕುಡಿಯಲು ಬಿಡಲಾ?

ವಾರ್ಡ್_ಸಿಸ್ಟರ್

ಹೇಳಲು ಕಷ್ಟ, ಆದರೂ ಹೌದು. ವೈದ್ಯರು ನೋಡುವ ತನಕ ನೀವಾಗಿ ನಿಲ್ಲಿಸಬೇಡಿ. ಊಟ ಮಾಡಿಸಿ, ನೀರು ಕುಡಿಸಿ, ಗಾಡಿ ಕೀ ಎತ್ತಿಡಿ. ಮೆಷಿನ್ ಹತ್ತಿರ ಕೆಲಸ ಅಂದಿರಿ, ರಜೆ ಕೇಳಿದ್ದು ಒಳ್ಳೆಯದೇ. ಮಧ್ಯದಲ್ಲಿ ಫಿಟ್ಸ್ ಬಂದರೆ, ಗೊಂದಲ ಕಂಡರೆ ಕಾಯಬೇಡಿ. ರಾತ್ರಿ ಹೊತ್ತು ಯಾರನ್ನಾದರೂ ಕೇಳಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನಮುಕ್ತಿಗೆ ಕೇಂದ್ರ ಸರ್ಕಾರದ ಸಹಾಯವಾಣಿ 14446 ಕೂಡ ಇದೆ.

ಕಾಮಾಕ್ಷಿಪಾಳ್ಯ_77

ಇಷ್ಟೆಲ್ಲ ಯಾಕೆ ಮೇಡಂ. ಕುಡಿತ ಬಿಡಿಸಲು ಊಟದಲ್ಲಿ ಬೆರೆಸುವ ಪುಡಿ ಸಿಗುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ನಮ್ಮ ರಸ್ತೆಯ ಕರೆಂಟ್ ಕಂಬದ ಮೇಲೆಲ್ಲ ಚೀಟಿ ಅಂಟಿಸಿದ್ದಾರೆ. ನಮ್ಮ ಪಕ್ಕದ ಮನೆಯವರು ತಂದಿದ್ದರು.

ವಾರ್ಡ್_ಸಿಸ್ಟರ್

ದಯವಿಟ್ಟು ಬೇಡ. ಆ ಪುಡಿಯಲ್ಲಿ ಏನಿದೆ ಅಂತ ಕೊಡುವವನಿಗೂ ಗೊತ್ತಿರುವುದಿಲ್ಲ. ಕೆಲವರು ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನೇ ಪುಡಿ ಮಾಡಿ ಸಾರಿಗೆ ಹಾಕುತ್ತಾರೆ. ಅದು ಒಳ್ಳೆಯ ಔಷಧಿಯೇ, ಆದರೆ ತೆಗೆದುಕೊಳ್ಳುವವನಿಗೆ ಗೊತ್ತಿದ್ದು, ಅವನು ಒಪ್ಪಿ, ವೈದ್ಯರು ಹೃದಯ, ಲಿವರ್ ನೋಡಿ ಕೊಡಬೇಕಾದದ್ದು. ಆ ಮಾತ್ರೆ ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಗೊತ್ತಿಲ್ಲದೆ ಹೋಗಿ ಒಂದು ಕ್ವಾರ್ಟರ್ ಏರಿಸಿದವನು ಸತ್ತೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರಬಹುದು. ಅದು ತೆಗೆದುಕೊಳ್ಳುವಾಗ ದ್ರಾಕ್ಷಾರಿಷ್ಟ, ಅಶೋಕಾರಿಷ್ಟದಂಥ ಅರಿಷ್ಟಗಳೂ ಬೇಡ. ಹುದುಗಿಸಿ ಮಾಡುವುದರಿಂದ ಅದರಲ್ಲೂ ಆಲ್ಕೋಹಾಲ್ ಇರುತ್ತದೆ. ಕೆಲವು ಕೆಮ್ಮಿನ ಸಿರಪ್ ಕೂಡ ಹಾಗೆಯೇ.

ಇನ್ನೊಂದು, ಕದ್ದು ಹಾಕಿದ್ದು ಒಂದು ದಿನ ಗೊತ್ತಾಗುತ್ತದೆ. ಆಮೇಲೆ ಮನೆಯವರು ಕೊಟ್ಟ ಒಂದು ಲೋಟ ನೀರನ್ನೂ ಅವನು ನಂಬುವುದಿಲ್ಲ.

ಮಲ್ಲೇಶ್ವರದ_ಮೇಷ್ಟ್ರು

ನನಗೆ ಎಎ ಬಗ್ಗೆ ಎರಡು ಆಕ್ಷೇಪಣೆ ಇದೆ, ಬೇಸರ ಮಾಡಿಕೊಳ್ಳಬೇಡಿ. ಒಂದು, ನಾನು ಮದ್ಯಕ್ಕೆ ಸೋತೆ, ನನ್ನ ಕೈಲಿ ಆಗುವುದಿಲ್ಲ ಅಂತ ಎಎಯ ಹನ್ನೆರಡು ಮೆಟ್ಟಿಲುಗಳ ಮೊದಲ ಮೆಟ್ಟಿಲಲ್ಲೇ ಹೇಳಿಸುತ್ತಾರೆ. ಮನಸ್ಸು ಗಟ್ಟಿ ಮಾಡಿಕೋ ಅನ್ನುವುದು ಬಿಟ್ಟು ಸೋತೆ ಅನ್ನಿಸುವುದು ಯಾವ ನ್ಯಾಯ? ಎರಡು, ದೇವರ ಮಾತು ಬಹಳ. ನಂಬದವರು ಏನು ಮಾಡಬೇಕು? ಇದೆಲ್ಲ ನಿಜಕ್ಕೂ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಇದೆಯಾ?

ಇವತ್ತೊಂದು_ದಿನ

ಮೇಷ್ಟ್ರೇ, ಕೇಳಬೇಕಾದ ಪ್ರಶ್ನೆಯೇ ಕೇಳಿದ್ದೀರಿ.

ಪುರಾವೆ ಮೊದಲು. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಅದರಲ್ಲಿತ್ತು. ಪೂರ್ತಿ ಬಿಟ್ಟು ಇರುವುದರಲ್ಲಿ ಎಎ ಮತ್ತು ಎಎಗೆ ಸೇರಿಸುವ ಚಿಕಿತ್ಸೆ, ಬೇರೆ ಮಾತಿನ ಚಿಕಿತ್ಸೆಗಳಿಗಿಂತ ಸ್ವಲ್ಪ ಮುಂದೆಯೇ ಇತ್ತು. ಎಲ್ಲರಿಗೂ ಆಗುತ್ತದೆ ಅಂತಲ್ಲ. ಹೋದವರಲ್ಲಿ ಎಷ್ಟೋ ಜನ ಉಳಿಯುವುದಿಲ್ಲ, ಅದನ್ನು ನಾನೇ ನೋಡುತ್ತಿದ್ದೇನೆ.

ಸೋಲಿನ ಮಾತು. ಮನಸ್ಸು ಗಟ್ಟಿ ಮಾಡಿಕೊಂಡು ಬಿಟ್ಟವರಿದ್ದರೆ ಬಹಳ ಸಂತೋಷ, ಅವರಿಗೆ ಮೀಟಿಂಗ್ ಬೇಕಾಗಿಲ್ಲ. ನನ್ನ ಮನಸ್ಸು ಬೇರೆ ಎಲ್ಲದರಲ್ಲೂ ಗಟ್ಟಿಯಾಗಿತ್ತು. ಕೆಲಸ ಬಿಡಲಿಲ್ಲ, ಸಾಲ ತೀರಿಸಿದೆ, ಅಪ್ಪನ ಕಾಯಿಲೆಯಲ್ಲಿ ರಾತ್ರಿ ಹಗಲು ಕೂತೆ. ಬಾಟಲಿ ಒಂದರ ಮುಂದೆ ಮಾತ್ರ ಆ ಗಟ್ಟಿತನ ನಡೆಯಲಿಲ್ಲ. ಅದನ್ನು ಒಪ್ಪಿಕೊಂಡ ದಿನ ನಾನು ಇನ್ನೊಬ್ಬರ ಹತ್ತಿರ ಸಹಾಯ ಕೇಳಿದೆ. ಮೊದಲ ಮೆಟ್ಟಿಲು ಅಂದರೆ ನನಗೆ ಅಷ್ಟೇ.

ದೇವರು. ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಹೆಸರು ಬರುತ್ತದೆ, ಅದು ನಿಜ. ಶುರುವಾದದ್ದು 1935ರಲ್ಲಿ ಅಮೆರಿಕದ ಓಹಾಯೊದ ಆಕ್ರನ್ ಅನ್ನುವ ಊರಲ್ಲಿ. ಷೇರು ವ್ಯವಹಾರದ ಒಬ್ಬರು, ಸರ್ಜನ್ ಒಬ್ಬರು, ಇಬ್ಬರೂ ಕುಡುಕರು, ಒಬ್ಬರ ಜೊತೆ ಒಬ್ಬರು ಮಾತಾಡುತ್ತಾ ಕುಡಿಯದೆ ಉಳಿದರು. ಆ ಕಾಲದ, ಆ ಊರಿನ ಧರ್ಮದ ಮಾತು ಅದರಲ್ಲಿ ಸೇರಿದೆ. ಆದರೆ ದೇವರು ಅಂದರೆ "ನಾವು ಅರಿತಂತೆ" ಅಂತ ಅಲ್ಲೇ ಸೇರಿಸಿದ್ದಾರೆ. ನಮ್ಮ ಗ್ರೂಪಿನ ಹಿರಿಯರೊಬ್ಬರು ದೇವರನ್ನು ನಂಬುವುದಿಲ್ಲ. ಪ್ರಾರ್ಥನೆ ಹೊತ್ತಿಗೆ ಸುಮ್ನೆ ನಿಂತಿರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಇದು ಬೇಡವೇ ಬೇಡ ಅನ್ನುವವರಿಗೆ ಸ್ಮಾರ್ಟ್ ರಿಕವರಿ ಅಂತ ಬೇರೆ ದಾರಿಯೂ ಇದೆ, ಆನ್‌ಲೈನ್‌ನಲ್ಲಿ ಸಿಗುತ್ತದೆ.

ತಮ್ಮನ_ಅಕ್ಕ

ಅಣ್ಣಾ, ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ? ಅವನು ಅದನ್ನೇ ಕೇಳುತ್ತಿದ್ದಾನೆ. "ಎದ್ದು ನಿಲ್ಲಿಸಿ ಮಾತಾಡಿಸುತ್ತಾರಾ" ಅಂತ. ಇದನ್ನು ಅವನಿಗೆ ಓದಿ ಹೇಳುತ್ತೇನೆ.

ಇವತ್ತೊಂದು_ದಿನ

ಹಾಗಾದರೆ ಅವರಿಗೇ ಹೇಳುತ್ತೇನೆ. ತಮ್ಮಾ, ಕೇಳಿಸಿಕೋ.

ನಮ್ಮ ಮೀಟಿಂಗ್ ಸಂಜೆ, ಸುಮಾರು ಒಂದೂವರೆ ಗಂಟೆ. ಒಂದು ಶಾಲಾ ಕೊಠಡಿ. ಮಕ್ಕಳ ಬೆಂಚುಗಳನ್ನು ಗೋಡೆಗೆ ಸರಿಸಿ ಪ್ಲಾಸ್ಟಿಕ್ ಕುರ್ಚಿ ಹಾಕುತ್ತೇವೆ. ಹಿಂದಿನ ಸಾಲಿನಲ್ಲಿ ಬಾಗಿಲ ಪಕ್ಕ ಒಂದೆರಡು ಕುರ್ಚಿ ಯಾವಾಗಲೂ ಖಾಲಿ ಬಿಡುತ್ತೇವೆ, ಹೊಸಬರಿಗೆ ಅಂತ. ಎದ್ದು ಹೋಗಬೇಕು ಅನ್ನಿಸಿದರೆ ಯಾರ ಕಾಲೂ ದಾಟದೆ ಹೋಗಬಹುದು. ಮೊದಲು ಟೀ. ಟೀ ಕೊಡುವವರು ನಿನ್ನ ಹಾಗೆ ಕೈ ನಡುಗಿಸಿಕೊಂಡು ಬಂದವರೇ. ಅವರು ಹೊಸಬರ ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ. ನಡುಗುತ್ತಿದ್ದರೆ ಲೋಟಕ್ಕೆ ಅರ್ಧ ಮಾತ್ರ ಹಾಕಿ ಕೊಡುತ್ತಾರೆ, ಚೆಲ್ಲದ ಹಾಗೆ. ಇನ್ನೊಂದು ಅರ್ಧ ಆಮೇಲೆ ಬಂದು ಹಾಕುತ್ತಾರೆ. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ.

ಆಮೇಲೆ ಒಂದು ನಿಮಿಷ ಮೌನ, ಚಿಕ್ಕ ಪ್ರಾರ್ಥನೆ. ಬದಲಾಯಿಸಲು ಆಗದ್ದನ್ನು ಒಪ್ಪಿಕೊಳ್ಳುವ ಮನಸ್ಸು, ಆಗುವುದನ್ನು ಬದಲಾಯಿಸುವ ಧೈರ್ಯ, ಇದು ಯಾವುದು ಅದು ಯಾವುದು ಅಂತ ತಿಳಿಯುವ ಬುದ್ಧಿ ಬೇಡುವುದು. ಒಬ್ಬರು ಎಎ ಅಂದರೆ ಏನು ಅಂತ ಒಂದು ಪುಟ ಓದುತ್ತಾರೆ. ನಂತರ ಒಬ್ಬೊಬ್ಬರಾಗಿ ಮಾತಾಡುತ್ತಾರೆ, ಶೇರಿಂಗ್ ಅನ್ನುತ್ತೇವೆ. ಹೆಸರು ಹೇಳಿ, ನಾನು ಆಲ್ಕೋಹಾಲಿಕ್ ಅಂತ ಹೇಳಿ ಶುರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಅಡ್ಡ ಬಾಯಿ ಹಾಕುವುದಿಲ್ಲ. ನೀನು ಹೀಗೆ ಮಾಡಬೇಕಿತ್ತು ಅಂತ ಬುದ್ಧಿ ಹೇಳುವುದಿಲ್ಲ. ನಿನ್ನನ್ನು ಯಾರೂ ಎದ್ದು ನಿಲ್ಲಿಸುವುದಿಲ್ಲ. ನಿನ್ನ ಸರದಿ ಬಂದರೆ "ಇವತ್ತು ಕೇಳಿಸಿಕೊಳ್ಳುತ್ತೇನೆ" ಅಂದರೆ ಮುಗಿಯಿತು. ಮೊದಲ ಸಲ ನಾನೂ ಅದನ್ನೇ ಹೇಳಿದೆ. ಕುಡಿದು ಬಂದವರನ್ನೂ ಗಲಾಟೆ ಮಾಡದಿದ್ದರೆ ಹೊರಗೆ ಕಳಿಸುವುದಿಲ್ಲ.

ಅಲ್ಲಿ ಯಾರು ಯಾರಿರುತ್ತಾರೆ ಅಂತ ನಿನಗೆ ಕುತೂಹಲ ಇರುತ್ತದೆ. ಕೆ.ಆರ್. ಮಾರ್ಕೆಟ್‌ನಲ್ಲಿ ಹೊರೆ ಹೊರುವವರು, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು, ಬಿಎಂಟಿಸಿಯಲ್ಲಿ ಕೆಲಸ ಮಾಡುವವರು, ಕಾಲೇಜು ಮುಗಿಸದ ಹುಡುಗರು. ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಹೋಗುತ್ತೇವೆ. ರಸ್ತೆಯಲ್ಲಿ ಎದುರು ಸಿಕ್ಕರೂ "ಮೀಟಿಂಗ್‌ನಲ್ಲಿ ನೋಡಿದ್ದೆ" ಅನ್ನುವುದಿಲ್ಲ. ಫ್ಯಾಕ್ಟರಿಗೆ ಹೇಳುವವರು ಯಾರೂ ಇಲ್ಲ.

ಎದ್ದು ಹೊರಡುವಾಗ ಒಬ್ಬಿಬ್ಬರು ಫೋನ್ ನಂಬರ್ ಕೊಡುತ್ತಾರೆ. ಇಸಿದುಕೋ. ಆ ನಂಬರ್ ಕುಡಿದ ಮೇಲೆ ಮಾತಾಡುವುದಕ್ಕಲ್ಲ, ಕುಡಿಯಬೇಕು ಅನ್ನಿಸಿದಾಗ, ಕುಡಿಯುವ ಮೊದಲು ಮಾಡುವುದಕ್ಕೆ. ಎರಡನೇ ಪಾಳಿ ಮುಗಿಸಿ ಗೇಟಿನಿಂದ ಹೊರಗೆ ಬರುತ್ತೀಯಲ್ಲ, ಎದುರಿಗೇ ಬಾರ್ ಬೋರ್ಡ್ ಕಾಣುತ್ತದಲ್ಲ, ಆ ಹೊತ್ತಿಗೆ. ಮುಂದೆ ಅವರಲ್ಲೇ ಒಬ್ಬರನ್ನು ಸ್ಪಾನ್ಸರ್ ಅಂತ ಕೇಳಿಕೊಳ್ಳಬಹುದು, ದಾರಿ ತೋರಿಸುವ ಹಿರಿಯ ಅಂತಿಟ್ಟುಕೋ. ಅವಸರ ಇಲ್ಲ.

ಒಂದು ಮೀಟಿಂಗ್ ನೋಡಿ ತೀರ್ಮಾನ ಮಾಡಬೇಡ. ಮೊದಲ ದಿನ ಬೋರ್ ಆಗಬಹುದು, ಯಾರೋ ಒಬ್ಬರು ಉದ್ದಕ್ಕೆ ಮಾತಾಡಿ ತಲೆ ತಿನ್ನಬಹುದು. ಇನ್ನೊಂದು ಗ್ರೂಪ್ ನೋಡು. ನಾನು ಮನೆ ಹತ್ತಿರದ ಗ್ರೂಪ್ ಬಿಟ್ಟು ದೂರದ್ದಕ್ಕೆ ಹೋಗುತ್ತೇನೆ, ಯಾಕೆಂದರೆ ಅಲ್ಲಿ ನನ್ನ ಭಾಷೆಯಲ್ಲಿ ಮಾತಾಡುವವರಿದ್ದಾರೆ. ಇಂಗ್ಲಿಷ್‌ನಲ್ಲಿ ನನ್ನ ಕಥೆ ಹೇಳಬಲ್ಲೆ, ಆದರೆ ಅಮ್ಮನ ಓಲೆ ಅಡವಿಟ್ಟ ದಿನದ ಬಗ್ಗೆ ಹೇಳುವಾಗ ಕನ್ನಡವೇ ಬೇಕಾಯಿತು.

ವಾರ್ಡ್_ಸಿಸ್ಟರ್

ಸರ್, ಒಂದು ಸೇರಿಸಲಾ? ಕೆಲವು ಗ್ರೂಪ್‌ಗಳಲ್ಲಿ ಹಳಬರು "ಮಾತ್ರೆ ತಗೊಂಡರೆ ಅದು ನಿಜವಾದ ಸೊಬ್ರೈಟಿ ಅಲ್ಲ", ಅಂದರೆ ನಿಜವಾಗಿ ಕುಡಿತ ಬಿಟ್ಟಂತಲ್ಲ, ಅಂತ ಹೊಸಬರಿಗೆ ಹೇಳುವುದನ್ನು ಕೇಳಿದ್ದೇನೆ. ಮಾತ್ರೆ ನಿಲ್ಲಿಸಿ ಮತ್ತೆ ವಾರ್ಡ್‌ಗೆ ಬಂದವರಿದ್ದಾರೆ.

ಇವತ್ತೊಂದು_ದಿನ

ನಿಜ ಸಿಸ್ಟರ್, ಹಾಗೆ ಹೇಳುವವರಿದ್ದಾರೆ. ಅದು ಎಎ ಮಾತಲ್ಲ. ಸದಸ್ಯರು ವೈದ್ಯರ ಕೆಲಸ ಮಾಡಬಾರದು ಅಂತ ಎಎ ಪುಸ್ತಿಕೆಯಲ್ಲೇ ಇದೆ. ತಮ್ಮಾ, ಯಾರಾದರೂ ಮಾತ್ರೆ ನಿಲ್ಲಿಸು ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ ಕುಡಿಯುವ ಹಂಬಲ ಕಡಿಮೆ ಮಾಡುವ ಮಾತ್ರೆಗಳಿವೆ, ನಮ್ಮ ಗ್ರೂಪಿನಲ್ಲೂ ತೆಗೆದುಕೊಳ್ಳುವವರಿದ್ದಾರೆ. ಮಾತ್ರೆ ಆಸ್ಪತ್ರೆಯದು, ಮೀಟಿಂಗ್ ನಮ್ಮದು, ಎರಡೂ ನಡೆಯಲಿ.

ನೆಲಮಂಗಲ_ರಸ್ತೆ

ಅಕ್ಕಾ, ಇನ್ನೊಂದು ಎಚ್ಚರಿಕೆ. ಫೋನ್ ಮಾಡಿದರೆ ಗಾಡಿ ತಂದು ಎತ್ತಿಕೊಂಡು ಹೋಗುತ್ತೇವೆ ಅನ್ನುವ ಖಾಸಗಿ ವ್ಯಸನಮುಕ್ತಿ ಕೇಂದ್ರಗಳಿವೆ. ನಮ್ಮ ಭಾವನನ್ನು ಹಾಗೆ ಒಂದು ಕಡೆ ಸೇರಿಸಿದ್ದೆವು. ಮೊದಲ ತಿಂಗಳು ಮುಖ ನೋಡಲೂ ಬಿಡಲಿಲ್ಲ. ವಾಪಸ್ ಬಂದಾಗ ಬೆನ್ನ ಮೇಲೆ ಬರೆ ಇತ್ತು. ಬಂದ ವಾರವೇ ಮತ್ತೆ ಕುಡಿದರು, ಈಗ ಆಸ್ಪತ್ರೆ ಅಂದರೇ ಹೆದರುತ್ತಾರೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯದ ವ್ಯಸನಕ್ಕೂ ಅನ್ವಯಿಸುತ್ತದೆ. ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಸರಪಳಿ ಹಾಕುವುದನ್ನು ಕಾಯ್ದೆ ಪೂರ್ತಿ ನಿಷೇಧಿಸಿದೆ. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಅನ್ನಿ, ಮನೋವೈದ್ಯರು ಯಾರು, ಯಾವತ್ತು ಬರುತ್ತಾರೆ ಅಂತ ಕೇಳಿ. ಮನೆಯವರು ಭೇಟಿ ಮಾಡಬಾರದು ಅಂದರೆ ಅಲ್ಲಿಂದ ಎದ್ದು ಬನ್ನಿ.

ಬೆಳ್ತಂಗಡಿ_ಹುಡುಗ, ಈಗ ದಾಸರಹಳ್ಳಿ

ನಮ್ಮ ಕಡೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ನಡೆಯುತ್ತದೆ. ಊರಿನ ಸಭಾಭವನದಲ್ಲೇ ಎಂಟು ದಿನ ಇರಿಸಿಕೊಳ್ಳುತ್ತಾರೆ. ನಮ್ಮ ದೊಡ್ಡಪ್ಪ ಅಲ್ಲಿ ಬಿಟ್ಟವರು. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಮಾಡುತ್ತಾರೆ. ಬಿಟ್ಟವರು ಆಗಾಗ ಸೇರುತ್ತಾರೆ, ತಪ್ಪಿಸಿಕೊಂಡವರ ಮನೆಗೆ ಹೋಗಿ ಕರೆದುಕೊಂಡು ಬರುತ್ತಾರೆ. ದೊಡ್ಡಪ್ಪ ಹೇಳುವುದು, ಎಂಟು ದಿನ ಬಿಡಿಸಿತು, ಸಮಿತಿ ಉಳಿಸಿತು ಅಂತ. ಊರು ಇರುವವರು, ಕನ್ನಡ ವಾತಾವರಣ ಬೇಕು ಅನ್ನುವವರು ವಿಚಾರಿಸಬಹುದು. ಆದರೆ ಸಿಸ್ಟರ್ ಹೇಳಿದ ಹಾಗೆ ಬೆಳಿಗ್ಗೆ ನಡುಕ ಇದ್ದರೆ, ಫಿಟ್ಸ್ ಬಂದ ಇತಿಹಾಸ ಇದ್ದರೆ ಆಸ್ಪತ್ರೆಯೇ ಮೊದಲು.

ಹೆಸರು_ಬೇಡ

ಎಲ್ಲರೂ ತಮ್ಮ, ಭಾವ, ದೊಡ್ಡಪ್ಪ ಅಂತ ಮಾತಾಡುತ್ತಿದ್ದೀರಿ. ನಾನು ಹೆಂಗಸು, ಕುಡಿಯುವುದು ನಾನೇ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಈ ಗಂಡಸರ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೋಗಿ ಕೂರಲು ನನಗೆ ಆಗುವುದಿಲ್ಲ. ನನ್ನಂಥವರಿಗೆ ಏನಾದರೂ ಇದೆಯಾ?

ಅಲ್ಅನಾನ್_ಅಮ್ಮ, ಜಯನಗರ

ಇದೆ ಮಗಳೇ. ಎಎಯಲ್ಲಿ ಹೆಂಗಸರದ್ದೇ ಮೀಟಿಂಗ್‌ಗಳಿವೆ, ಆನ್‌ಲೈನ್‌ನಲ್ಲೂ ಇವೆ. ಕ್ಯಾಮೆರಾ ಆಫ್ ಮಾಡಿ ಕೇಳಿಸಿಕೊಳ್ಳಬಹುದು. ಎಎ ಸಂಪರ್ಕ ಸಂಖ್ಯೆಗೆ ಫೋನ್ ಮಾಡಿ "ಮಹಿಳಾ ಸದಸ್ಯರೊಬ್ಬರ ಜೊತೆ ಮಾತಾಡಬೇಕು" ಅಂತ ಕೇಳಿ, ಗಂಡಸರಿಗೆ ಏನನ್ನೂ ವಿವರಿಸಬೇಕಾಗಿಲ್ಲ. 2019ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನೋ ಒಂದು ಚಿಕಿತ್ಸೆ ಸಿಕ್ಕಿದೆ. ಹೆಂಗಸರು ಬಾಯಿ ಬಿಟ್ಟು ಕೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ನೀನು ಇಲ್ಲಿ ಕೇಳಿದ್ದೀಯ. ಬೆಳಿಗ್ಗೆ ನಡುಕ ಇದ್ದರೆ ವೈದ್ಯರ ಮಾತು ನಿನಗೂ ಅನ್ವಯ. ನನಗೆ ಖಾಸಗಿಯಾಗಿ ಬರಿ, ನಮ್ಮ ಪರಿಚಯದ ಒಬ್ಬ ಹೆಣ್ಣುಮಗಳು ನಿನಗೆ ಫೋನ್ ಮಾಡುತ್ತಾಳೆ.

ತಮ್ಮನ ಅಕ್ಕಾ, ನಿಮಗೂ ಒಂದು ಮಾತು. ಕುಡಿಯುವವರ ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪಿದೆ, 1951ರಲ್ಲಿ ಶುರುವಾದದ್ದು. ಅವನನ್ನು ಹೇಗೆ ಬಿಡಿಸಬೇಕು ಅಂತ ಅಲ್ಲಿ ಕಲಿಸುವುದಿಲ್ಲ. ಅವನು ಕುಡಿದರೂ ಬಿಟ್ಟರೂ ನೀವು ಹೇಗೆ ಬದುಕಬೇಕು ಅನ್ನುವ ಮಾತು ಅಲ್ಲಿ. ನಾನು ಯಜಮಾನರ ಜೇಬು ಹುಡುಕುವುದು, ಬಾಟಲಿ ಸಿಂಕಿಗೆ ಸುರಿಯುವುದು, ಆಫೀಸಿಗೆ ಫೋನ್ ಮಾಡಿ "ಜ್ವರ" ಅನ್ನುವುದು ನಿಲ್ಲಿಸಿದ್ದು ಅಲ್ಲಿಗೆ ಹೋದ ಮೇಲೆ. ಅವರು ಬಿಟ್ಟದ್ದು ಅದಾದ ಎಷ್ಟೋ ಕಾಲದ ನಂತರ. ಮಧ್ಯದ ಆ ದಿನಗಳಲ್ಲಿ ನನಗೆ ನಿದ್ದೆ ಬರತೊಡಗಿತು, ಅದೇ ನನಗೆ ದೊಡ್ಡದು.

ತಮ್ಮನ_ಅಕ್ಕ

ಎಲ್ಲರಿಗೂ ಹೇಳಬೇಕು. ಆಸ್ಪತ್ರೆಗೆ ಹೋದೆವು. ಲೆಕ್ಕ ಅವನೇ ಹೇಳಿದ, ನನಗೆ ಗೊತ್ತಿದ್ದದ್ದಕ್ಕಿಂತ ಜಾಸ್ತಿ ಇತ್ತು. ಅಡ್ಮಿಟ್ ಮಾಡಿಕೊಂಡು ನಡುಕ ಇಳಿಸಿದರು, ಫಿಟ್ಸ್ ಬರಲಿಲ್ಲ. ಮನೆಗೆ ಬಂದ ಮೇಲೆ ಕನ್ನಡದ ಓಪನ್ ಮೀಟಿಂಗ್‌ಗೆ ಇಬ್ಬರೂ ಹೋದೆವು. ಅಣ್ಣ ಹೇಳಿದ ಹಾಗೆ ಗೇಟಿನ ಹತ್ತಿರ ಒಬ್ಬರು ನಿಂತಿದ್ದರು. ನನ್ನನ್ನು ಮಾತಾಡಿಸುವ ಮೊದಲು ಅವನ ಕೈ ಹಿಡಿದು "ಬಾ" ಅಂದರು, ಅಷ್ಟೇ. ಅವನು ಏನೂ ಮಾತಾಡಲಿಲ್ಲ. ವಾಪಸ್ ಮೆಟ್ರೊದಲ್ಲಿ, "ಆ ನೀಲಿ ಶರ್ಟಿನವರು ನಮ್ಮ ಪೀಣ್ಯದವರೇ ಅಂತೆ" ಅಂದ. ಮುಂದಿನ ಸಲ ನೀನು ಬರಬೇಡ, ನಾನೇ ಹೋಗುತ್ತೇನೆ ಅಂತಲೂ ಅಂದ. ಅದು ಕೇಳಿ ಸಂತೋಷವೂ ಆಯಿತು, ಭಯವೂ ಆಯಿತು.

ಈಗ ಪ್ರಶ್ನೆ ಬೇರೆ. ಮುಂದಿನ ವಾರದಿಂದ ಎರಡನೇ ಪಾಳಿ. ಸಂಜೆ ಮೀಟಿಂಗ್ ತಪ್ಪುತ್ತದೆ.

ಆಟೋ_ಶಂಕರಮಠ

ಅಕ್ಕಾ, ನನ್ನದೂ ಅದೇ ಪ್ರಶ್ನೆ. ನಾನು ಆಟೋ ಓಡಿಸುತ್ತೇನೆ, ಸಂಜೆ ಬಾಡಿಗೆ ಹೊತ್ತು. ಸಂಜೆ ಬಿಟ್ಟರೆ ಮನೆಗೆ ಏನು ಕೊಡಲಿ? ಬೆಳಿಗ್ಗೆ ಎಲ್ಲಾದರೂ ಇದ್ದರೆ ಹೇಳಿ. ಈ ಮಾತುಕತೆ ಪೂರ್ತಿ ಓದಿದೆ. ನನಗೂ ಬೇಕು.

ಇವತ್ತೊಂದು_ದಿನ

ಭಾನುವಾರ ಬೆಳಿಗ್ಗೆ ನಡೆಯುವ ಗ್ರೂಪ್‌ಗಳಿವೆ, ಇಬ್ಬರಿಗೂ ಅದು ಅನುಕೂಲ. ವಾರದ ಮಧ್ಯೆ ಬೆಳಗಿನ ಆನ್‌ಲೈನ್ ಮೀಟಿಂಗ್‌ಗೆ ಫೋನ್‌ನಿಂದಲೇ ಸೇರಬಹುದು. ಅಕ್ಕಾ, ತಮ್ಮನಿಗೆ ಹೇಳಿ, ನೀಲಿ ಶರ್ಟಿನವರ ನಂಬರ್ ಕೇಳಿ ಇಟ್ಟುಕೊಳ್ಳಲಿ. ಪೀಣ್ಯದವರೇ ಆದರೆ ಪಾಳಿ ಕಷ್ಟ ಅವರಿಗೆ ಗೊತ್ತಿರುತ್ತದೆ, ಎರಡನೇ ಪಾಳಿ ಮುಗಿದ ಮೇಲೆ ಮಾತಾಡಲು ಒಬ್ಬರು ಸಿಕ್ಕಂತಾಯಿತು.

ಆಟೋ ಅಣ್ಣಾ, ಬೆಳಿಗ್ಗೆ ಕೈ ನಡುಗುತ್ತದಾ, ಫಿಟ್ಸ್ ಏನಾದರೂ ಬಂದಿತ್ತಾ? ಹೌದಾದರೆ ಸಿಸ್ಟರ್ ಬರೆದದ್ದನ್ನು ಮೊದಲು ಇನ್ನೊಮ್ಮೆ ಓದಿ, ಆಸ್ಪತ್ರೆಗೆ ಹೋಗಿ ಬನ್ನಿ. ಇಲ್ಲ ಅಂದರೆ ಈ ಭಾನುವಾರವೇ ಹೋಗೋಣ. ಖಾಸಗಿಯಾಗಿ ಬರೆಯಿರಿ, ಜಾಗ ಕಳಿಸುತ್ತೇನೆ. ಗೇಟಿನ ಹತ್ತಿರ ನಾನೇ ನಿಂತಿರುತ್ತೇನೆ. ಒಳಗೆ ಆಟೋ ನಿಲ್ಲಿಸಲು ಜಾಗ ಇದೆ.